ಸೆಲ್ಲಾರಿನಲ್ಲಿ ನೆನೆದ ಬೀಜದ ಜೋಳ

ನಮ್ಮ ಮನೆಯ ನೆಲದಡಿಯ ಸೆಲ್ಲಾರಿಗೆ ನೀರು ನುಗ್ಗಿದ್ದಕ್ಕೆ ಮಳೆಯನ್ನು ಬೈದು ಪ್ರಯೋಜನವಿಲ್ಲ. ತಪ್ಪು ನನ್ನದು. ಹೈದರಾಬಾದಿನ ಮಲ್ಕಾಜ್‌ಗಿರಿಯ ನಮ್ಮ ಗಲ್ಲಿಯಲ್ಲಿ ಸೆಲ್ಲಾರ್ ಇರುವ ಮನೆಗಳು ಮೂರು. ರಸ್ತೆಯ ನೀರು ಒಳಗೆ ಇಳಿಯದ ಹಾಗೆ ಮೂರಕ್ಕೂ ಇಳಿಜಾರಿನ ತಲೆಯಲ್ಲಿ ಗೇಣೆತ್ತರದ ಸಿಮೆಂಟಿನ ದಿಬ್ಬವಿತ್ತು. ನಮ್ಮ ದಿಬ್ಬಕ್ಕೆ ನನ್ನ ಸ್ಕೂಟರಿನ ಹೊಟ್ಟೆ ದಿನಾ ಉಜ್ಜುತ್ತಿತ್ತು. ಒಂದು ದಿನ ತರಕಾರಿ ಚೀಲದ ಸಮೇತ ಅಲ್ಲೇ ಬಿದ್ದೆ. ಮೊಣಕೈ ತರಚಿದ್ದಕ್ಕಿಂತ ಗಲ್ಲಿಯವರೆಲ್ಲ ನೋಡಿದರಲ್ಲ ಎಂಬ ಸಿಟ್ಟೇ ಹೆಚ್ಚಾಗಿತ್ತು. ಮಾವನವರು ಊರಿಗೆ ಹೋದ ವಾರ ನೋಡಿಕೊಂಡು ಗೌಂಡಿಯನ್ನು ಕರೆಸಿ ಆ ದಿಬ್ಬವನ್ನು ಒಡೆಸಿಬಿಟ್ಟೆ.

ಗೌಂಡಿ ಸುತ್ತಿಗೆ ಎತ್ತಿದಾಗಲೇ ಎದುರುಮನೆಯ ಅಕ್ಕ ಹೊರಗೆ ಬಂದಿದ್ದರು. ಅವರು ತೆಲುಗಿನವರು, ನನಗಿಂತ ಹತ್ತು ವರ್ಷ ದೊಡ್ಡವರು, ಆ ಗಲ್ಲಿಯಲ್ಲೇ ಹುಟ್ಟಿ ಬೆಳೆದವರು. “ವದ್ದಮ್ಮಾ, ತೀಯಕು,” ಎಂದರು. ಬೇಡಮ್ಮ, ತೆಗೆಯಬೇಡ, ಹಿಂದೆ ಇಲ್ಲಿದ್ದ ಕೆರೆಗೆ ನೀರು ಹೋಗುತ್ತಿದ್ದ ದಾರಿಯೇ ಇದು, ದೊಡ್ಡ ಮಳೆ ಬಂದರೆ ನೀರು ತನ್ನ ಹಾದಿ ಹುಡುಕಿಕೊಂಡು ಬರುತ್ತದೆ ಎಂದು ವಿವರಿಸಿದರು. ನನಗೆ ಯಾರಾದರೂ ಬುದ್ಧಿ ಹೇಳಿದರೆ ಮೂಗಿನ ತುದಿಗೇ ಸಿಟ್ಟು. ನಮ್ಮ ಬಾಗಿಲು, ನಮ್ಮಿಷ್ಟ ಎಂದೆ. ಅಂದಿನಿಂದ ಇಬ್ಬರ ನಡುವೆ ಮಾತು ನಿಂತಿತು. ಬೆಳಿಗ್ಗೆ ಒಂದೇ ಹೊತ್ತಿಗೆ ಅಂಗಳ ಗುಡಿಸುತ್ತಿದ್ದೆವು, ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

ಅಸಲಿಗೆ ಆ ಸೆಲ್ಲಾರೇ ಬೇಡವಾಗಿತ್ತು. ಮನೆ ಕಟ್ಟುವಾಗ ಅದಕ್ಕೆ ಹಟ ಹಿಡಿದವರು ಮಾವನವರು. ಅವರು ವಿಜಯಪುರದ ಕಡೆಯವರು. ಅಲ್ಲಿ ಹಿಂದೆಲ್ಲ ಜೋಳವನ್ನು ಹಗೇವಿನಲ್ಲಿ, ಅಂದರೆ ನೆಲದೊಳಗೆ ತೋಡಿದ ಕಣಜದಲ್ಲಿ ಇಡುತ್ತಿದ್ದರು. ವರ್ಷಗಟ್ಟಲೆ ಹುಳ ಹಿಡಿಯುತ್ತಿರಲಿಲ್ಲವಂತೆ. “ಭೂಮಿತಾಯಿ ಹೊಟ್ಟ್ಯಾಗ ಇಟ್ಟ ಕಾಳು ಕೆಡಂಗಿಲ್ಲ,” ಎನ್ನುವುದು ಅವರ ನಂಬಿಕೆ. ಮಗ ರೈಲ್ವೆ ನೌಕರಿಗೆ ಬಂದು ಹೈದರಾಬಾದಿನಲ್ಲಿ ಮನೆ ಕಟ್ಟಿಸುವಾಗ ಇವರು ಎಂಜಿನಿಯರನ ಎದುರು ಕೂತು ಹಗೇವಿನ ಅಳತೆ ಹೇಳುತ್ತಿದ್ದರು. ಊರಿಗೇ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ ಎಂದು ನಾನು ಅಡುಗೆಮನೆಯಲ್ಲಿ ಗೊಣಗಿದ್ದೆ. ಕೊನೆಗೆ ಸೆಲ್ಲಾರ್ ಆಯಿತು, ಅರ್ಧಕ್ಕೆ ಸ್ಕೂಟರ್, ಅರ್ಧಕ್ಕೆ ಮಾವನವರ ಜೋಳ. ಅವರ ಊರಿನ ಹಗೇವುಗಳು ದಿನ್ನೆಯ ಮೇಲೆ ಇದ್ದವು, ನಮ್ಮ ಮನೆ ಇದ್ದದ್ದು ತಗ್ಗಿನಲ್ಲಿ. ಇಷ್ಟು ಸಣ್ಣ ವಿಷಯ ಅವರಿಗೂ ಹೊಳೆಯಲಿಲ್ಲ, ನಮಗೂ ಹೊಳೆಯಲಿಲ್ಲ.

ಆ ವರ್ಷ ಸೆಲ್ಲಾರಿನಲ್ಲಿ ಐದು ಚೀಲ ಇದ್ದವು. ಮೂರು ತಿನ್ನುವ ಜೋಳ. ಎರಡು ಬೀಜದ್ದು. ಬೀಜದ್ದು ಮಾವನವರ ತಾಯಿಯ ಕಾಲದಿಂದ ಬಂದ ಬಿಳಿಜೋಳ. ಊರಿನಲ್ಲಿ ಉಳಿದವರೆಲ್ಲ ಅಂಗಡಿಯ ಪಾಕೀಟಿನ ಬೀಜಕ್ಕೆ ಹೋಗಿದ್ದರು, ಈ ಜೋಳ ಬಿತ್ತುತ್ತಿದ್ದದ್ದು ಮಾವನವರ ತಮ್ಮನ ಮನೆಯವರು ಮಾತ್ರ. ಹಿಂದಿನ ವರ್ಷ ಅವರ ಹೊಸ ಸಿಮೆಂಟು ಮನೆಯಲ್ಲಿ ಬೀಜಕ್ಕೆ ನುಸಿ ಹಿಡಿದು ಅರ್ಧಕ್ಕರ್ಧ ಹಾಳಾಗಿತ್ತು. ಅದಕ್ಕೇ ಸುಗ್ಗಿಯಲ್ಲಿ ಮಾವನವರು ಕಣ್ಣು ಮಬ್ಬಾಗಿದ್ದರೂ ಹೊಲಕ್ಕೆ ಹೋಗಿ, ತೆನೆಗಳನ್ನು ಬೆರಳಿನಲ್ಲಿ ಹಿಡಿದು ನೋಡಿ ಆರಿಸಿ, ಬೂದಿ ಬೇವಿನೆಲೆ ಸೇರಿಸಿ, ಇದ್ದ ಬೀಜವನ್ನೆಲ್ಲ ನಮ್ಮಲ್ಲಿಗೆ ತಂದಿದ್ದರು. ಸೆಪ್ಟೆಂಬರಿನ ಉತ್ತರಿ ಮಳೆಗೆ ಬಿತ್ತನೆ. ಆ ಎರಡು ಚೀಲ ಹೋದರೆ ಆ ಜೋಳ ಬೇರೆಲ್ಲೂ ಇರಲಿಲ್ಲ.

ಮಳೆ ರಾತ್ರಿಯೆಲ್ಲ ಸುರಿದಿತ್ತು. ಬೆಳಿಗ್ಗೆ ನಮ್ಮವರು ಡ್ಯೂಟಿಗೆ ಹೊರಟಾಗ ಗಲ್ಲಿಯಲ್ಲಿ ಪಾದ ಮುಳುಗುವಷ್ಟು ನೀರಿತ್ತು, ಅಷ್ಟೇ. ಒಂಬತ್ತರ ಸುಮಾರಿಗೆ ಮೇಲಿನ ನಾಲೆ ಉಕ್ಕಿತು. ಮಾವನವರು ಎರಡನೇ ಚಹಾ ಕುಡಿಯುತ್ತಿದ್ದರು. ಕೆಳಗೆ ಯಾರೋ ಬಕೆಟ್‌ಗಟ್ಟಲೆ ನೀರು ಸುರುವಿದ ಸದ್ದಾಯಿತು. ನಾನು ಓಡಿ ಹೋಗಿ ನೋಡಿದರೆ, ದಿಬ್ಬ ಇದ್ದ ಜಾಗದಿಂದಲೇ ಕೆಂಪು ನೀರು ಮುರಿದುಕೊಂಡು ಒಳಗೆ ಬೀಳುತ್ತಿತ್ತು.

ಮಾವನವರು ಲೋಟ ಇಟ್ಟು ನೇರ ಸೆಲ್ಲಾರಿನ ಮೆಟ್ಟಿಲಿಗೆ ಹೋದರು. ಅಷ್ಟರಲ್ಲಿ ಪಕ್ಕದ ಮನೆಯ ಟೇಲರ್ ಮಾಸ್ಟರ್ ಕಾಂಪೌಂಡಿನ ಆಚೆಯಿಂದ ಕೂಗಿದರು. “ಚಾಚಾ, ನೀಚೇ ನಕ್ಕೋ ಜಾವ್! ಮೀಟರ್ ಪಾನೀ ಮೇ ಹೈ!” ಕೆಳಗೆ ಹೋಗಬೇಡಿ, ಮೀಟರ್ ನೀರಿನಲ್ಲಿದೆ ಎಂದು. ಹೌದು, ಕರೆಂಟಿನ ಮೀಟರ್ ಬೋರ್ಡು ಕೆಳಗೇ ಇತ್ತು. ನೀರಿಗೆ ಕಾಲಿಟ್ಟರೆ ಮುಗಿಯಿತು. ನಾನು ಮಾವನವರ ರಟ್ಟೆ ಹಿಡಿದುಕೊಂಡೆ. ಮಾಸ್ಟರ್ ಮಳೆಯಲ್ಲೇ ಹೋಗಿ ಲೈನ್‌ಮ್ಯಾನನನ್ನು ಹಿಡಿದು ತಂದು, ಕಂಬದಿಂದಲೇ ನಮ್ಮ ಮನೆಯ ಕರೆಂಟು ತೆಗೆಸುವ ಹೊತ್ತಿಗೆ ಒಂದೂವರೆ ತಾಸು ಕಳೆದಿತ್ತು. ಅಷ್ಟೂ ಹೊತ್ತು ಮಾವನವರು ಮೇಲಿನ ಮೆಟ್ಟಿಲ ಮೇಲೆ ನಿಂತು ನೀರಿನ ಸದ್ದು ಕೇಳುತ್ತಿದ್ದರು. “ಈಗ ಎಷ್ಟನೇ ಮೆಟ್ಟಲಕ ಬಂತು ಯವ್ವಾ?” ಎಂದು ಮತ್ತೆ ಮತ್ತೆ ಕೇಳಿದರು. ನಾನು ಪ್ರತಿ ಸಲವೂ ಒಂದು ಮೆಟ್ಟಿಲು ಕಡಿಮೆ ಹೇಳಿದೆ.

ಚೀಲಗಳನ್ನು ಮಾಸ್ಟರ್ ಮತ್ತು ಅವರ ಅಂಗಡಿಯ ಇಬ್ಬರು ಕಾರಿಗರರು ಎದೆಮಟ್ಟದ ನೀರಿನಲ್ಲಿ ಎಳೆದು ಮೇಲೆ ತಂದರು. ತಿನ್ನುವ ಜೋಳದ ಆಸೆ ಬಿಟ್ಟೆವು, ಗಟಾರದ ನೀರು ಕುಡಿದ ಕಾಳನ್ನು ಯಾರು ತಿನ್ನುತ್ತಾರೆ. ಬೀಜದ ಚೀಲಕ್ಕೆ ಮಾವನವರು ಕೈ ಹಾಕಿದರು. ಒಂದು ಹಿಡಿ ತೆಗೆದು ಮೂಸಿದರು. ಮೇಲಿನ ಟ್ಯಾಂಕಿನ ನೀರಿನಿಂದ ಎರಡು ಸಲ ತೊಳೆಸಿದರು. ಆಮೇಲೆ ಹೇಳಿದರು, “ನಾಳೆ ಮುಂಜಾನಿ ಅನ್ನೂದ್ರಾಗ ಮ್ಯಾಲಿನ ಪಸಿ ಆರಬೇಕು. ಆರಲಿಲ್ಲಂದ್ರ ಮೊಳಿ ಒಡಿತೈತಿ. ಚೀಲದಾಗ ಮೊಳಿ ಒಡದ ಬೀಜ ಸತ್ತಂಗ.”

ಹೊರಗೆ ಮಳೆ ನಿಂತಿರಲಿಲ್ಲ. ಮನೆಯಲ್ಲಿ ಕರೆಂಟು ಇರಲಿಲ್ಲ, ಬೋರ್ಡು ಬದಲಾಗುವವರೆಗೆ ನಾಲ್ಕು ದಿನ ಬರುವುದೂ ಇಲ್ಲ ಎಂದು ಲೈನ್‌ಮ್ಯಾನ್ ಹೇಳಿ ಹೋಗಿದ್ದ. ಬಿಸಿಲೂ ಇಲ್ಲ, ಫ್ಯಾನೂ ಇಲ್ಲ. ಮಾಡಿದ್ದುಣ್ಣೋ ಮಹಾರಾಯ ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಮಾಡಿದ್ದು ನಾನು, ಉಣ್ಣುತ್ತಿದ್ದವರು ಅವರು.

ಆ ಹೊತ್ತಿಗೆ ಎದುರುಮನೆಯ ಅಕ್ಕ ಸೀರೆ ಎತ್ತಿಕಟ್ಟಿ ನೀರು ದಾಟಿ ಬಂದರು. ಬಂದವರು ಮೊದಲು ನೋಡಿದ್ದು ದಿಬ್ಬವಿಲ್ಲದ ಇಳಿಜಾರನ್ನು, ಆಮೇಲೆ ನನ್ನನ್ನು. ಮಾಸ್ಟರ್ ಕೂಡ ಆಗಲೇ ಕೇಳಿದರು, ಈ ದಿಬ್ಬ ಯಾರು ತೆಗೆಸಿದ್ದು ಅಂತ. ಮಾವನವರು ತಲೆ ಎತ್ತದೆ ಹೇಳಿದರು, “ತಪ್ಪ ನಂದ ಐತ್ರಿ. ಈ ಊರಾಗ ಹಗೇವು ಮಾಡಾಕ ಹ್ವಾದಂವಾ ನಾನು.” ಅವರ ತೆಲುಗು, ಹಿಂದಿ ಎಲ್ಲ ಕೊನೆಗೆ ಕನ್ನಡವೇ ಆಗುತ್ತಿತ್ತು, ಆದರೂ ಅಲ್ಲಿದ್ದವರಿಗೆಲ್ಲ ಅರ್ಥವಾಯಿತು. ಅಕ್ಕನಿಗೆ ನಿಜ ಗೊತ್ತಿತ್ತು. ಅವರು ಬಾಯಿ ತೆರೆದ ಚೀಲದೊಳಗೆ ಕೈಯಾಡಿಸಿ, ಮಾ ಇಂಟ್ಲೋ ಫ್ಯಾನುಂದಿ ಎಂದರು. ನಮ್ಮ ಮನೆಯಲ್ಲಿ ಫ್ಯಾನಿದೆ ಎಂದು.

ಮುಂದಿನ ಅರ್ಧ ಗಂಟೆಯಲ್ಲಿ ಅವರು ಮಲಗುವ ಮಂಚವನ್ನು ಗೋಡೆಗೆ ಎತ್ತಿ ನಿಲ್ಲಿಸಿದರು, ಪಡಸಾಲೆಯ ಚಾಪೆ ಸುತ್ತಿದರು. ಎರಡೂ ಕೋಣೆಗೆ ಹಳೆಯ ಸೀರೆಗಳನ್ನು ಹಾಸಿ ಬೆರಳು ಗಾತ್ರದಷ್ಟು ತೆಳ್ಳಗೆ ಜೋಳ ಹರಡಿದೆವು. ಉಳಿದದ್ದು ಮಾಸ್ಟರ್ ಅಂಗಡಿಗೆ ಹೋಯಿತು. ಹಬ್ಬದ ಬಟ್ಟೆಗಳ ಕಾಲ. ಆದರೂ ಅವರು ಬಟ್ಟೆ ಕತ್ತರಿಸುವ ಉದ್ದನೆಯ ಮೇಜನ್ನು ಖಾಲಿ ಮಾಡಿ, ಹೊಲಿಗೆ ಮಷೀನುಗಳನ್ನು ಬಾಗಿಲ ಹೊರಗಿನ ತಗಡಿನ ಕೆಳಗೆ ಹಾಕಿಕೊಂಡು ಕೂತರು. ಒಂದು ಮೊರದಷ್ಟನ್ನು ನಾನು ನಮ್ಮ ಮನೆಯಲ್ಲೇ ಇಟ್ಟುಕೊಂಡೆ. ಕಿಟಕಿಯ ಹತ್ತಿರ ಹರಡಿ ಬೀಸಣಿಗೆ ಬೀಸುತ್ತ ಕೂತೆ. ಎಲ್ಲವನ್ನೂ ಮಂದಿಯ ಮನೆಗೆ ಕಳಿಸಿ ಕೈಕಟ್ಟಿ ಕೂರುವುದು ನನ್ನಿಂದಾಗಲಿಲ್ಲ. ಈಗ ಯೋಚಿಸಿದರೆ ಅದೂ ಒಂದು ಜಂಬವೇ.

ಮೂರು ದಿನ ನಮ್ಮ ಬದುಕು ಹೀಗೇ ನಡೆಯಿತು. ಉಳಿದ ಎರಡು ಸೆಲ್ಲಾರಿನವರು ತಮ್ಮ ಡೀಸೆಲ್ ಪಂಪು ಕಳಿಸಿದರು. ನಮ್ಮವರು ರಜೆ ಹಾಕಿ ನೀರು ಹೊರಹಾಕಿದರು, ಇಬ್ಬರೂ ಸೇರಿ ಮೊಣಕಾಲಿನವರೆಗಿನ ರಾಡಿಯನ್ನು ಬುಟ್ಟಿಯಲ್ಲಿ ಹೊತ್ತೆವು, ಬ್ಲೀಚಿಂಗ್ ಪೌಡರ್ ಚೆಲ್ಲಿದೆವು. ನನ್ನ ಸ್ಕೂಟರಿನ ಹೊಟ್ಟೆಯಿಂದ ಒಂದು ಸೇರು ಕೆಸರು ಬಂತು, ಅದಕ್ಕೆ ತಕ್ಕ ಶಾಸ್ತಿ. ಮಾವನವರು ಕೋಲು ಊರಿಕೊಂಡು ಎರಡು ತಾಸಿಗೊಮ್ಮೆ ಈ ಮನೆಯಿಂದ ಆ ಮನೆಗೆ ಹೋಗಿ ಜೋಳವನ್ನು ಅಂಗೈಯಲ್ಲಿ ತಿರುವಿ ಬರುತ್ತಿದ್ದರು. ಅಕ್ಕ ಅಡುಗೆಮನೆಯ ಗೋಡೆಗೆ ತಾಗಿ ಮಲಗುತ್ತಿದ್ದರು. ಅಲ್ಲಿ ಫ್ಯಾನ್ ಇರಲಿಲ್ಲ. ಇದ್ದ ಎರಡೂ ಫ್ಯಾನು ನಮ್ಮ ಜೋಳಕ್ಕೆ ತಿರುಗುತ್ತಿದ್ದವು. ನಾನು ರೊಟ್ಟಿ ಬಡಿದು ಎರಡೂ ಮನೆಗೆ ಒಯ್ದು ಕೊಟ್ಟೆ. ಅಕ್ಕನ ಬಾಗಿಲಲ್ಲಿ ತಟ್ಟೆ ಇಟ್ಟು, ಕಣ್ಣು ತಪ್ಪಿಸಿ ಬಂದೆ.

ನಾಲ್ಕನೇ ದಿನ ಜೋಳ ವಾಪಸು ಬಂತು. ಮುಟ್ಟಿದರೆ ಗರಗರ ಎನ್ನುತ್ತಿತ್ತು. ಆದರೆ ಒಣಗಿದ್ದು ಬೇರೆ, ಜೀವ ಇರುವುದು ಬೇರೆ. ಮಾವನವರು ಮಾಸ್ಟರ್ ಅಂಗಡಿಯಿಂದ ಮೂರು ಚಿಂದಿ ತರಿಸಿದರು. ಕೆಂಪು ಬಟ್ಟೆಯಲ್ಲಿ ಅಕ್ಕನ ಮನೆಯಲ್ಲಿ ಒಣಗಿದ ಇಪ್ಪತ್ತು ಕಾಳು, ಹಸಿರಿನಲ್ಲಿ ಮಾಸ್ಟರ್ ಅಂಗಡಿಯದು, ಬಿಳಿಯದರಲ್ಲಿ ನಾನು ಬೀಸಣಿಗೆ ಬೀಸಿದ್ದು. ಒದ್ದೆ ಮಾಡಿ, ಗಂಟು ಕಟ್ಟಿ, ಬೋಗುಣಿಯಲ್ಲಿಟ್ಟು ಮುಚ್ಚಿದರು. ಮೂರು ದಿನ ಯಾರೂ ಮುಟ್ಟುವ ಹಾಗಿಲ್ಲ. ನಾನು ಹರಕೆ ಹೊರುವವಳಲ್ಲ, ಆ ಮೂರು ದಿನದಲ್ಲಿ ಎಷ್ಟು ಹರಕೆ ಹೊತ್ತೆನೋ ಲೆಕ್ಕವಿಲ್ಲ.

ಬಿಚ್ಚುವ ದಿನ ಬೆಳಿಗ್ಗೆ ಮಾವನವರು ಸ್ನಾನ ಮಾಡಿ ಬಂದು ಕೂತರು. “ನನಗ ಕಾಣಂಗಿಲ್ಲ, ನೀನ ಎಣಸು,” ಎಂದರು. ಕೆಂಪು ಗಂಟು ಬಿಚ್ಚಿದೆ. ಸೂಜಿಯಷ್ಟು ಬಿಳಿ ಮೊಳಕೆಗಳು ಬಟ್ಟೆಯನ್ನೇ ಚುಚ್ಚಿಕೊಂಡು ಹೊರಬಂದಿದ್ದವು. ಹದಿನೆಂಟು ಎಂದೆ. ಹಸಿರಿನಲ್ಲಿ ಹದಿನೇಳು. ಮಾವನವರು ಮಿಸುಕಲಿಲ್ಲ. “ಮೆಟ್ಟಲಾ ಕಡಿಮಿ ಮಾಡಿ ಹೇಳಿದಂಗ ಹೇಳಾಕತ್ತೀಯೇನು?” ಎಂದು ಕೇಳಿ, ಕೆಂಪು ಬಟ್ಟೆಯನ್ನು ತಮ್ಮ ಕಡೆ ಎಳೆದುಕೊಂಡು ಹೆಬ್ಬೆರಳಿನಿಂದ ಒಂದೊಂದೇ ಮೊಳಕೆ ಸವರಿದರು. ಹದಿನೆಂಟೂ ಸವರಿದರು. ಆಮೇಲೆ ಬಿಳಿಯ ಗಂಟನ್ನು ತಾವೇ ಬಿಚ್ಚಿದರು. ಅದರಲ್ಲಿ ಬೆರಳಿಗೆ ಸಿಕ್ಕಿದ್ದು ಬೂಸಲು ಹಿಡಿದು ಮೆತ್ತಗಾದ ಕಾಳು. ಒಂದೂ ಮೊಳೆತಿರಲಿಲ್ಲ.

“ಇದ ಯಾರ ಮನೀದು?”

“ನಮ್ಮ ಮನೀದ್ರಿ ಮಾವಾರ.”

ಅವರು ಆ ಬಟ್ಟೆಯನ್ನು ಮಡಚಿಟ್ಟರು. “ನೋಡು ಯವ್ವಾ, ನಮ್ಮ ಮನ್ಯಾಗ ಇದ್ದಿದ್ರ ಒಂದ ಕಾಳೂ ಉಳೀತಿರಲಿಲ್ಲ. ನಮ್ಮವ್ವನ ಜೋಳಾ ಮಂದಿ ಮನ್ಯಾಗ ಉಳೀತು,” ಎಂದರು. ಕಣ್ಣಲ್ಲಿ ನೀರಿತ್ತು, ಮುಖದಲ್ಲಿ ನಗುವಿತ್ತು. ತಮ್ಮನಿಗೆ ಫೋನ್ ಹಚ್ಚಿಸಿಕೊಂಡು, ಬೀಜ ಐತಿ, ಹೊಲಾ ಹದಾ ಮಾಡ್ರಿ ಎಂದು ಗಲ್ಲಿಗೇ ಕೇಳುವ ಹಾಗೆ ಕೂಗಿದರು.

ನಾನು ಕೆಂಪು ಬಟ್ಟೆಯನ್ನು ಅಂಗೈ ಮೇಲಿಟ್ಟುಕೊಂಡು ಎದುರುಮನೆಗೆ ಹೋದೆ. ತಪ್ಪಾಯಿತು ಅಕ್ಕಾ, ನೀವು ಹೇಳಿದ್ದು ಕೇಳಬೇಕಿತ್ತು ಎಂದು ದಾರಿಯಲ್ಲೇ ತೆಲುಗಿನಲ್ಲಿ ಜೋಡಿಸಿಕೊಂಡಿದ್ದೆ. ಬಾಗಿಲು ತೆರೆದೇ ಇತ್ತು. ಜೋಳ ತಂದು ಮೂರು ದಿನವಾಗಿದ್ದರೂ ಮಂಚ ಇನ್ನೂ ಗೋಡೆಗೇ ನಿಂತಿತ್ತು, ಚಾಪೆ ಸುತ್ತಿದ್ದು ಸುತ್ತಿದ ಹಾಗೇ ಇತ್ತು, ಗುಡಿಸಿದ ಬರಿ ನೆಲದ ಮೇಲೆ ಅವೇ ಹಳೆಯ ಸೀರೆಗಳು ಹಾಸಿದ್ದವು. ನನ್ನ ಕೈಯಲ್ಲಿ ಒದ್ದೆ ಬಟ್ಟೆ ಕಂಡು ಅಕ್ಕ ಎದ್ದು ಬಂದು ಫ್ಯಾನಿನ ಸ್ವಿಚ್ಚು ಹಾಕಿದರು.

“ಇಂಕಾ ಉಂದಾ ಅಮ್ಮಾ?” ಎಂದು ಕೇಳಿದರು. ಇನ್ನೂ ಒಣಗಿಸುವುದು ಇದೆಯಾ ಎಂದು.

ನಾನು ಬಗ್ಗಿ ಅವರ ಕಾಲು ಮುಟ್ಟಿದೆ.