ಕುಡಗೋಲು ಇಡುವ ಖಾನೆ

ಬಸವಕಲ್ಯಾಣದಿಂದ ಹುಮನಾಬಾದಿಗೆ ಹೊರಟಿದ್ದೆ. ಹೊಲದ ಕೆಲಸ ಮುಗಿಸಿ ರಸ್ತೆಬದಿ ನಿಂತಿದ್ದ ಅಜ್ಜಿಯೊಬ್ಬಳನ್ನು ಕಾರಿಗೆ ಹತ್ತಿಸಿಕೊಂಡೆ. ಪಕ್ಕದಲ್ಲಿ ಕೂತವಳೇ ತನ್ನ ಸಣ್ಣ ಕುಡಗೋಲನ್ನು ಡ್ಯಾಶ್‌ಬೋರ್ಡಿನ ಮೇಲಿಟ್ಟಳು.

“ಬ್ರೇಕ್ ಹಾಕಿದ್ರ ಹಾರಿ ಬಡೀತದ ಆಯಿ. ಕೊಡ್ರಿ, ಖಾನ್ಯಾಗ ಇಡ್ತೀನಿ,” ಎಂದು ಕೈ ಚಾಚಿದೆ.

“ಹರಿತಾದ್ದು ಕೈಯಾಗ ಕೊಟ್ರ ಜಗಳ ಆಗ್ತದಪ್ಪಾ,” ಎಂದು ಅದನ್ನು ನಮ್ಮಿಬ್ಬರ ನಡುವೆ ಇಟ್ಟಳು. ನಾನು ಎತ್ತಿ ಡ್ಯಾಶ್‌ಬೋರ್ಡಿನ ಖಾನೆಯೊಳಗಿಟ್ಟು ಮುಚ್ಚಿದೆ.

ರಾಜೇಶ್ವರದಲ್ಲಿ ಅವಳು ಇಳಿದಾಗ, ಮರೆತು, ಕುಡಗೋಲನ್ನು ಕೈಗೇ ಕೊಡಹೋದೆ. ಹಿಂದೆ ಸರಿದಳು.

“ಸೀಟಿನ ಮ್ಯಾಲ ಇಡಪ್ಪಾ. ಇವತ್ತ ಗುರ್ತಾಗೀದಿ, ಇವತ್ತೇ ಜಗಳ ಯಾಕ?”

ಇಟ್ಟೆ. ನಗುತ್ತಾ ಎತ್ತಿಕೊಂಡು ಹೋದಳು.

ಈಗ ಹೆಂಡತಿಗೆ ಕಾರಿನ ಕೀಲಿಯನ್ನೂ ಸೀಟಿನ ಮೇಲಿಟ್ಟೇ ಕೊಡುತ್ತೇನೆ. ಯಾರು ಓಡಿಸಬೇಕೆಂಬ ಜಗಳ ನಮ್ಮಲ್ಲಿ ಶುರುವಾಗುವುದೇ ಆ ಕೀಲಿಯಿಂದ.