ಒಡೆಯುವ ದನಿಯ ಮೇಷ್ಟ್ರು

ಸಂಗೀತಶಾಲೆಯ ಆಡಳಿತ ಮಂಡಳಿಯನ್ನು ಅತ್ಯಂತ ದೀರ್ಘಕಾಲ ಕಾಡಿದ ಪ್ರಶ್ನೆ ರಾಗದ್ದಲ್ಲ, ತಾಳದ್ದೂ ಅಲ್ಲ. ಮಹಡಿಯ ಮೂಲೆಕೋಣೆಯ ಬಾಗಿಲಿಗೆ ಒಳಗಿನಿಂದ ಚಿಲಕ ಇರಬೇಕೆ, ಬೇಡವೆ ಎಂಬುದು. ಈ ಅಭಿನಂದನಾ ಗ್ರಂಥದ ಗೌರವಕ್ಕೆ ಪಾತ್ರರಾದ ಮೇಷ್ಟ್ರು ಆ ಕೋಣೆಯಲ್ಲಿ ಗಂಡಸರಿಗೆ ಕಳ್ಳದನಿಯಲ್ಲಿ ಹಾಡುವುದನ್ನು ಕಲಿಸುತ್ತಿದ್ದರು. ಎದೆಯ ದನಿ ಇನ್ನು ಏರಲಾರೆನೆಂದು ನಿಂತಲ್ಲಿಂದ ಮುಂದೆ, ಗಂಟಲನ್ನು ಹಗುರ ಮಾಡಿ ತೆಳ್ಳಗೆ ಹೊರಡಿಸುವ ದನಿ ಅದು. ಆ ವಿದ್ಯೆಯನ್ನು ಮಿಮಿಕ್ರಿಯವರ ಕೈಯಿಂದ ಬಿಡಿಸಿ ಸಂಗೀತಕ್ಕೆ ಮರಳಿ ಕೊಡಿಸಿದವರಲ್ಲಿ ಮೇಷ್ಟ್ರು ಮೊದಲ ಸಾಲಿನವರು.

ಕಲಿಯಲು ಬಂದ ಗೃಹಸ್ಥರೆಲ್ಲ ಮೊದಲು ಕೇಳುತ್ತಿದ್ದುದು ಚಿಲಕವನ್ನೇ. ಕೋರ್ಟಿನಲ್ಲಿ ಕಕ್ಷಿದಾರರ ಹೆಸರು ಕೂಗುವ ಜವಾನರೊಬ್ಬರೂ ಅದನ್ನೇ ಕೇಳಿದರು. ಅವರ ಗುಡುಗುದನಿಗೆ ಕಾರಿಡಾರಿನ ಆಚೆ ತುದಿಯಲ್ಲಿ ತೂಕಡಿಸುವ ವಕೀಲರೂ ಎದ್ದು ಕೂರುತ್ತಿದ್ದರು.

“ಒಂದು ಚಿಲಕ ಹಾಕ್ಸಿ ಮೇಷ್ಟ್ರೇ. ಯಾರಾದ್ರೂ ಕೇಳಿದ್ರೆ ನನ್ ಮರ್ಯಾದೆ ಏನಾಗ್ಬೇಕು?”

“ಕೇಳ್ಲಿ ಅಂತ ತಾನೇ ಹಾಡೋದು? ಬನ್ನಿ, ಮೊದ್ಲು ದನಿ ಒಡೀರಿ.”

ಉಳಿದ ಶಿಕ್ಷಕರು, ಎದೆದನಿ ಕಳ್ಳದನಿಗೆ ಹೊರಳುವಾಗ ಕೇಳುವ ಬಿರುಕನ್ನು ಹಾರ್ಮೋನಿಯಮ್ ಜೋರು ಮಾಡಿ ಮುಚ್ಚುತ್ತಿದ್ದರು. ಇವರು ಹಾರ್ಮೋನಿಯಮ್ಮನ್ನೇ ನಿಲ್ಲಿಸಿ, ತಾವು ಮೊದಲು ಒಡೆದು ತೋರಿಸಿ, ಪ್ರತಿದಿನ ಪಾಠಕ್ಕೆ ಮುಂಚೆ ಎಲ್ಲರೂ ಒಟ್ಟಿಗೆ ಬೇಕೆಂದೇ ದನಿ ಒಡೆಯುವಂತೆ ಮಾಡಿಸುತ್ತಿದ್ದರು. ಜವಾನರ ಭಾವ ಒಮ್ಮೆ ಬಾಗಿಲಲ್ಲಿ ನಿಂತು ಇದನ್ನು ಕೇಳಿಸಿಕೊಂಡು, “ನಾಳೆ ಕೋರ್ಟಲ್ಲೂ ಹೀಗೇ ಕೂಗಯ್ಯ, ಕಳ್ಳನೇ ಬಂದು ನಿನ್ನ ಸಮಾಧಾನ ಮಾಡ್ತಾನೆ” ಎಂದರು. ಜವಾನರು ಬರುವುದನ್ನೇ ಬಿಟ್ಟರು. ಮೇಷ್ಟ್ರು ಕೋರ್ಟಿಗೆ ಹೋಗಿ, ಕಕ್ಷಿದಾರರ ಬೆಂಚಿನಲ್ಲಿ ಸಂಜೆಯವರೆಗೆ ಕೂತು, ಬೈಗುಳವಾಗಲಿ ಬುದ್ಧಿವಾದವಾಗಲಿ ಇಲ್ಲದೆ ಅವರನ್ನು ಕರೆತಂದರು.

ಅಷ್ಟರಲ್ಲಿ ಮಂಡಳಿ ತೀರ್ಮಾನಿಸಿತ್ತು: ವಾರ್ಷಿಕೋತ್ಸವದಲ್ಲಿ ಈ ತರಗತಿ ನಗೆಪಾಟಲಾದರೆ ಕೋಣೆ ತಬಲಾದವರಿಗೆ.

ವಾರ್ಷಿಕೋತ್ಸವದ ಸಂಜೆ ಜವಾನರು ವೇದಿಕೆಯಲ್ಲಿ ಚೆನ್ನಾಗಿಯೇ ಮೇಲಕ್ಕೆ ಏರುತ್ತಿದ್ದರು. ಭಾವ ಮುಂದಿನ ಸಾಲಿನಲ್ಲಿ ಕಾಲ ಮೇಲೆ ಕಾಲು ಹಾಕಿದ್ದು ಕಂಡದ್ದೇ ತಡ, ದನಿ ಒಡೆಯಿತು. ಸಭೆಯಲ್ಲಿ ಯಾರೋ ಕಿಸಕ್ಕೆಂದರು. ಜವಾನರ ಕಣ್ಣು ಪಕ್ಕದ ಪರದೆಯ ಸಂದನ್ನು ಹುಡುಕತೊಡಗಿತು. ಮೇಷ್ಟ್ರು ಮುಖದ ಗೆರೆಯೊಂದೂ ಕದಲದಂತೆ ಅದೇ ಸಾಲನ್ನು ಎತ್ತಿಕೊಂಡು, ಅದೇ ಜಾಗದಲ್ಲಿ ತಮ್ಮ ದನಿಯನ್ನೂ ಒಡೆದರು. ಹಿಂದೆ ನಿಂತಿದ್ದ ಶಿಷ್ಯರು ಅಭ್ಯಾಸಬಲದಿಂದ ಒಟ್ಟಾಗಿ ಒಡೆದರು. ಮೂರನೆಯ ಸಲ ಜವಾನರೂ ಸೇರಿಕೊಂಡರು. ಒಡೆದಲ್ಲಿಂದ ಹಗುರಾಗಿ ಮೇಲೆದ್ದು, ಮೇಲಿನ ಷಡ್ಜದಲ್ಲಿ ನಿಂತೇಬಿಟ್ಟರು.

ಹೊರಗೆ ಬರುವಾಗ ಭಾವ ಮೆತ್ತಗೆ ಕೇಳಿದರು: “ಆ ಒಡೆಯೋ ಜಾಗ ಇದ್ಯಲ್ಲ, ಅದನ್ನ ಕಲಿಯೋದು ಕಷ್ಟಾನಾ?”

“ತುಂಬಾ ಕಷ್ಟ, ಭಾವ” ಎಂದರು ಜವಾನರು.

ಶಿಷ್ಯರ ನಾಚಿಕೆಯನ್ನು ತಮ್ಮ ಗಂಟಲಿಗೆ ತೆಗೆದುಕೊಂಡ ಈ ಹಿರಿಯರು ನೂರ್ಕಾಲ ಬಾಳಲಿ. ನಿವೃತ್ತಿಯ ಬೆಳಗುಗಳಲ್ಲೂ ಅವರ ಹಾಡುಗಾರಿಕೆ ಬಿಡುವಿಲ್ಲದೆ ಸಾಗಲಿ, ನೆರೆಹೊರೆಯವರಿಗೂ ಅದನ್ನು ಕೇಳುವ ಆಯುಸ್ಸು ಸಿಗಲಿ. ಕೋಣೆ ತಬಲಾದವರಿಗೆ ಹೋಗಲಿಲ್ಲ. ಬರುವ ಸೋಮವಾರದಿಂದ, ಕೋರ್ಟಿಗೆ ಹೊರಡುವ ಮುಂಚೆ, ಮೇಷ್ಟ್ರ ತರಗತಿಯನ್ನು ಜವಾನರು ನಡೆಸುತ್ತಾರೆ.