ಸದ್ದಿನ ನಕ್ಷೆ

ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಹೇಳಿಕೊಡುವವಳು ನಾನು. ದೆವ್ವ, ಗಾಳಿ, ಮೈಮೇಲೆ ಬರುವುದು ಇಂಥವನ್ನೆಲ್ಲ ಮಕ್ಕಳ ತಲೆಯಿಂದ ತೆಗೆಯುವುದೂ ನನ್ನ ಕೆಲಸವೇ ಎಂದು ತಿಳಿದಿದ್ದೆ. ಯಾರಾದರೂ ತಮಗಾದ ವಿಚಿತ್ರ ಅನುಭವ ಹೇಳತೊಡಗಿದರೆ ಅದರಲ್ಲಿ ತಪ್ಪೆಲ್ಲಿದೆ ಎಂದು ಹುಡುಕುತ್ತಲೇ ಕೇಳುತ್ತಿದ್ದೆ. ಈಗ ನಾನೇ ಒಂದನ್ನು ಹೇಳಲು ಕೂತಿದ್ದೇನೆ. ನೀವೂ ಹಾಗೆಯೇ ಓದಿ. ತಪ್ಪು ಸಿಕ್ಕರೆ ನನಗೂ ನೆಮ್ಮದಿಯಾದೀತು.

ಕೆಲವು ವರ್ಷಗಳ ಹಿಂದಿನ ಮಾತು. ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳ ಶಾಲೆಗಳಲ್ಲಿ ಪರಿಸರ ಸಂಘ ನೋಡಿಕೊಳ್ಳುವ ಶಿಕ್ಷಕರಿಗೆ ಮೊಳಕಾಲ್ಮೂರಿನಲ್ಲಿ ಐದು ದಿನದ ತರಬೇತಿ ಇತ್ತು. ತರಬೇತಿ ಕೊಡುವವಳು ನಾನು. ಎರಡು ದಿನ ಪರದೆಯ ಮೇಲೆ ಚಿತ್ರ ತೋರಿಸಿದ್ದಾಯಿತು. ಊಟವಾದ ಮೇಲೆ ಹಿಂದಿನ ಸಾಲಿನವರು ತೂಕಡಿಸುತ್ತಿದ್ದರು. ಕೊಂಡ್ಲಹಳ್ಳಿಯಿಂದ ಬಂದಿದ್ದ ಹಿರಿಯ ಮೇಷ್ಟ್ರು ತಿಪ್ಪೇಸ್ವಾಮಿ ಎದ್ದು ನಿಂತು, "ಮೇಡಂ, ಪರಿಸರ ಪರಿಸರ ಅಂತ ಎರಡು ದಿನದಿಂದ ಫ್ಯಾನ್ ಕೆಳಗೆ ಕೂತೀವಿ. ಹೊರಗ್ ಕರ್ಕೊಂಡು ಹೋಗ್ರಿ," ಎಂದರು. ಮೂರನೆಯ ದಿನ ಮಧ್ಯಾಹ್ನ ಇಪ್ಪತ್ತೆರಡು ಜನರನ್ನು ನಜೀರ್ ಸಾಹೇಬರ ಮಿನಿ ಬಸ್ಸಿನಲ್ಲಿ ಕೂರಿಸಿಕೊಂಡು ಸಿದ್ದಾಪುರದ ಆಚೆಯ ಬಂಡೆಗುಡ್ಡಕ್ಕೆ ಹೊರಟೆ.

ಅಲ್ಲಿ ಮಾಡಿಸಿದ್ದು ಸುಲಭದ ಚಟುವಟಿಕೆ. ಒಬ್ಬೊಬ್ಬರೂ ದೂರದೂರ ಕೂತು ಇಪ್ಪತ್ತು ನಿಮಿಷ ಮಾತಿಲ್ಲದೆ ಕಣ್ಣು ಮುಚ್ಚಿ ಆಲಿಸಬೇಕು. ತೊಡೆಯ ಮೇಲೊಂದು ಹಾಳೆ, ಅದರ ನಡುವೆ ಒಂದು ಚುಕ್ಕೆ. ಆ ಚುಕ್ಕೆಯೇ ತಾವು. ಸದ್ದು ಯಾವ ಕಡೆಯಿಂದ ಬಂತೋ ಆ ಕಡೆಗೆ ಗೆರೆ ಎಳೆದು, ಅದು ಏನೆಂದು ಬರೆಯಬೇಕು. ಸದ್ದಿನ ನಕ್ಷೆ ಎನ್ನುತ್ತೇವೆ. ಬಿಸಿಲು ಎಡಗೆನ್ನೆಗೆ ಬೀಳುವಂತೆ ಎಲ್ಲರೂ ಉತ್ತರಕ್ಕೆ ಮುಖ ಮಾಡಿ ಕೂತರು. ನಾನು ಎತ್ತರದ ಬಂಡೆಯೊಂದರ ಮೇಲೆ ಗಡಿಯಾರ ನೋಡುತ್ತಾ ಕೂತೆ. ನನಗೆ ಗಾಳಿ ಬಿಟ್ಟು ಬೇರೇನೂ ಕೇಳಿಸಲಿಲ್ಲ.

ಸೀಟಿ ಊದಿದಾಗ ಎಲ್ಲರೂ ಬಂದರು. ಎಣಿಸಿ, ಇಪ್ಪತ್ತೆರಡು ಹಾಳೆಗಳನ್ನೂ ಓದದೆಯೇ ನನ್ನ ಚೀಲಕ್ಕೆ ಹಾಕಿಕೊಂಡೆ. ಕೊನೆಯಲ್ಲಿ ಹಾಳೆ ಕೊಟ್ಟವಳು ಶಾರದಾ. ಒಂದು ಕಾಲಕ್ಕೆ ನನ್ನದೇ ವಿದ್ಯಾರ್ಥಿನಿ, ಈಗ ಶಿಕ್ಷಕಿ. ಮೊಳಕಾಲ್ಮೂರಿನ ನೇಕಾರರ ಮನೆಯ ಸೊಸೆ, ಮನೆಮಾತು ತೆಲುಗು, ಮೂರು ವರ್ಷದ ಮಗಳ ತಾಯಿ. ಅವಳು ಹಿಂದಕ್ಕೆ ತಿರುಗಿ ಬಂಡೆಗಳ ಕಡೆ ನೋಡಿ, "ಒಂದ್ ನಿಮಿಷ ಮೇಡಂ, ಬಂದೆ," ಎಂದು ನಡೆದಳು. ಬಯಲಿಗೆ ಬಂದಾಗ ಹೆಂಗಸರಿಗೆ ಆಗುವ ತೊಂದರೆ ಗೊತ್ತಿದ್ದದ್ದೇ. ಯಾಕೆಂದು ನಾನು ಕೇಳಲಿಲ್ಲ. ಅವಳಿಗೆ ಮುಜುಗರವಾಗದಿರಲೆಂದು ಉಳಿದವರನ್ನೆಲ್ಲ ಬೇಗ ಬಸ್ಸಿನ ಹತ್ತಿರ ಇಳಿಸಿಕೊಂಡು ಹೋದೆ.

ಕಾಲು ಗಂಟೆಯಾಯಿತು, ಅವಳು ಬರಲಿಲ್ಲ. ಮತ್ತೆ ಮೇಲೆ ಹತ್ತಿ ಕೂಗಿದೆವು. ಮೂರು ಮೂರು ಜನ ಗುಂಪಾಗಿ ಬಂಡೆ ಸಂದಿಗಳನ್ನೆಲ್ಲ ನೋಡಿದೆವು. ಎದ್ದಿದ್ದ ಗಾಳಿಗೆ ಪಕ್ಕದವರ ಮಾತೇ ಕೇಳುತ್ತಿರಲಿಲ್ಲ. ಪೊಲೀಸರಿಗೆ, ಅರಣ್ಯದವರಿಗೆ ಫೋನ್ ಮಾಡಿದೆವು. ಹೊರಟಿದ್ದೇವೆ ಎಂದರು. ನಜೀರ್ ಸಾಹೇಬರು ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ, "ಮೇಡಂ, ಹೊತ್ತು ಮುಳುಗಕ್ ಬಂತು. ಈ ಗುಡ್ಡದಾಗೆ ಕರಡಿ ಐತೆ," ಎಂದರು.

ಅವಳ ಫೋನು ಬಸ್ಸಿನಲ್ಲಿದ್ದ ಅವಳ ಚೀಲದಲ್ಲೇ ಇತ್ತು. ಅದು ಹೊಡೆದುಕೊಳ್ಳತೊಡಗಿತು. ತೆಗೆದು ನೋಡಿದರೆ 'ಅತ್ತಮ್ಮ' ಎಂದಿತ್ತು. ನಿಂತಿತು, ಮತ್ತೆ ಹೊಡೆದುಕೊಂಡಿತು. ಎತ್ತುವ ಧೈರ್ಯ ನನಗಾಗಲಿಲ್ಲ. ಏನೆಂದು ಹೇಳುವುದು? ಅವಳನ್ನು ಅಲ್ಲಿಗೆ ಕರೆತಂದವಳು ನಾನು, ಒಂಟಿಯಾಗಿ ಬಿಟ್ಟು ಇಳಿದವಳೂ ನಾನು. ಬಸ್ಸಿನ ಮೆಟ್ಟಿಲ ಮೇಲೆ ಕೂತು, ಯಾವ ದೇವರಿಗೂ ಕೈಮುಗಿಯದ ನಾನು ಗೌರಸಮುದ್ರದ ಮಾರಮ್ಮನಿಗೆ ಹರಕೆ ಹೊತ್ತೆ. ಆಮೇಲೆ ತೀರಿಸಿಯೂ ಬಂದೆ, ಯಾರಿಗೂ ಹೇಳಲಿಲ್ಲ.

ಅವಳ ಹಾಳೆಯಲ್ಲಿ ಏನಾದರೂ ಸುಳಿವು ಸಿಕ್ಕೀತೇ ಎಂದು ಚೀಲ ಬಿಚ್ಚಿದೆ. ಮೊದಲು ಕೈಗೆ ಬಂದವು ಬೇರೆಯವರವು. ನವಿಲು, ಗಾಳಿ, ದೂರದ ಬಸ್ಸಿನ ಹಾರನ್, ಕುರಿಯ ಗಂಟೆ. ಐದನೆಯದರಲ್ಲೋ ಆರನೆಯದರಲ್ಲೋ ಒಂದು ಗೆರೆಯ ಪಕ್ಕ ಹೀಗಿತ್ತು: 'ಯಾರೋ ಹೆಂಗಸು ಕೂಗುತ್ತಿದ್ದಾಳೆ.' ಇನ್ನೊಂದರಲ್ಲಿ: 'ಹೆಣ್ಣು ದನಿ, ತೆಲುಗು.' ಮತ್ತೊಬ್ಬರು ಕೇಳಿಸಿದ ಮಾತನ್ನೇ ಬರೆದಿದ್ದರು: 'ಎವರನ್ನಾ ಉಂಡಾರಾ.' ಯಾರಾದರೂ ಇದ್ದೀರಾ ಎಂದು. ಒಟ್ಟು ಆರು ಹಾಳೆಗಳಲ್ಲಿ ಆ ಕೂಗು ಇತ್ತು. ಶಾರದಾಳ ಹಾಳೆಯಲ್ಲಿ ಒಂದೇ ಒಂದು ಗೆರೆ; ಒತ್ತಿ ಒತ್ತಿ ತಿದ್ದಿ ಅಲ್ಲಿ ಕಾಗದ ಹರಿದಿತ್ತು. ಪಕ್ಕದಲ್ಲಿ ಏನೂ ಬರೆದಿರಲಿಲ್ಲ.

ತಿಪ್ಪೇಸ್ವಾಮಿಯವರಿಗೆ ತೋರಿಸಿದೆ. ಅವರು ಹಾಳೆಗಳನ್ನು ತಿರುವಿ ನೋಡಿ, "ಇದನ್ನ ಬರ್ದಾಗ ಶಾರದಮ್ಮ ನಮ್ ಜೊತೆಗೇ ಕೂತಿದ್ರಲ್ಲ ಮೇಡಂ. ಚೆನ್ನಾಗೇ ಇದ್ರಲ್ಲ," ಎಂದರು.

"ಅದೆಲ್ಲ ಆಮೇಲೆ ಸಾರ್. ಮೊದಲು ಈ ಗೆರೆಗಳು ಎಲ್ಲಿಗೆ ಹೋಗ್ತವೆ ನೋಡೋಣ ಬನ್ನಿ."

ಆರು ಜನರನ್ನೂ ಅವರವರು ಕೂತಿದ್ದ ಜಾಗದಲ್ಲಿ ಮತ್ತೆ ನಿಲ್ಲಿಸಿದೆ. ಗೆರೆ ತೋರಿಸುವ ಕಡೆಗೆ ಕೈ ಚಾಚಿ ಎಂದೆ. ಆರು ಕೈಗಳೂ ಪಡುವಣದ ಒಂದೇ ವಾಲುಬಂಡೆಯನ್ನು ತೋರಿಸಿದವು. ಆ ಬಂಡೆಯ ಪಕ್ಕ ನಾವು ಎರಡು ಸಲ ಹಾದುಹೋಗಿದ್ದೆವು. ಈಗ ಅದರ ಹಿಂದಿನ ಮುಳ್ಳುಪೊದೆ ಸರಿಸಿದರೆ ಕೆಳಗೆ ಕಿರಿದಾದ ಬಿರುಕು. ಟಾರ್ಚಿನ ಬೆಳಕು ಬಿಟ್ಟಾಗ ಸೀರೆಯ ಅಂಚು ಕಂಡಿತು. ಎರಡಾಳು ಆಳದಲ್ಲಿ ಶಾರದಾ ಬಿದ್ದಿದ್ದಳು. ಜಾರಿದ ಕಲ್ಲೊಂದು ಅವಳ ಕಾಲನ್ನು ಒತ್ತಿ ಹಿಡಿದಿತ್ತು. ಕೂಗಿ ಕೂಗಿ ದನಿ ಹೋಗಿ ಬರಿಯ ಉಸಿರಾಗಿತ್ತು. ನಾನು ಹೊಟ್ಟೆಯ ಮೇಲೆ ಮಲಗಿ ತಲೆ ಕೆಳಗಿಟ್ಟಾಗ ಆ ಉಸಿರಿನಲ್ಲೇ ಕೇಳಿಸಿತು: "ಎವರನ್ನಾ ಉಂಡಾರಾ."

ನಜೀರ್ ಸಾಹೇಬರು ಬಸ್ಸಿನ ಜಾಕಿ ಹೊತ್ತು ಹಗ್ಗ ಹಿಡಿದು ತಾವೇ ಇಳಿದರು. ಕಲ್ಲನ್ನು ಎತ್ತರಿಸಿ ಅವಳನ್ನು ಮೇಲೆ ತರುವಷ್ಟರಲ್ಲಿ ಕತ್ತಲಾಗಿತ್ತು. ಕಾಲು ಎರಡು ಕಡೆ ಮುರಿದಿತ್ತು. ಜೀವಕ್ಕೆ ಅಪಾಯವಿಲ್ಲ ಎಂದು ಆಸ್ಪತ್ರೆಯಲ್ಲಿ ಹೇಳಿದಾಗ ನಾನು ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟೆ.

ಮರುದಿನ ಬೆಳಿಗ್ಗೆ ನೋಡಲು ಹೋದಾಗ ಅವಳು ನನ್ನ ಕೈ ಹಿಡಿದು ಕೇಳಿದ ಮೊದಲ ಮಾತು, "ಮೇಡಂ, ಆಯಮ್ಮನ್ನ ಮೇಲೆ ತೆಗೆದ್ರಾ?"

"ಯಾವ ಅಮ್ಮ?"

"ನಾವು ಕಣ್ ಮುಚ್ಕೊಂಡು ಕೂತಾಗಿಂದ ಕೂಗ್ತಿದ್ಲಲ್ಲ. ಯಾರೂ ಎದ್ದು ನೋಡ್ಲಿಲ್ಲ. ಅದಕ್ಕೇ ನಾನ್ ಹೋದೆ. ಬಗ್ಗಿ ನೋಡಕ್ ಹೋಗಿ ಜಾರ್ದೆ. ನಾನ್ ಬಿದ್ದಿದ್ದೇ ಆಯಮ್ಮನ ದನಿ ನಿಂತೋಯ್ತು."

ಅದೇ ದಿನ ತಿಪ್ಪೇಸ್ವಾಮಿಯವರನ್ನೂ ಅರಣ್ಯದವರನ್ನೂ ಕರೆದುಕೊಂಡು ಮತ್ತೆ ಗುಡ್ಡಕ್ಕೆ ಹೋದೆ. ಒಬ್ಬ ಕಾವಲುಗಾರ ಬಿರುಕಿನ ತಳದವರೆಗೂ ಇಳಿದು ನೋಡಿ ಬಂದ. ಶಾರದಾಳ ಒಂದು ಚಪ್ಪಲಿ ಬಿಟ್ಟರೆ ಏನೂ ಇರಲಿಲ್ಲ. ಸುತ್ತಲ ಹಳ್ಳಿಗಳಲ್ಲಿ ಯಾವ ಹೆಂಗಸೂ ಕಾಣೆಯಾಗಿರಲಿಲ್ಲ. ಹಿಂದಿನ ದಿನ ಆ ಕಡೆ ಕುರಿ ಹೊಡೆದುಕೊಂಡು ಹೋದವರು ಇಬ್ಬರೂ ಗಂಡಸರು. ಆ ಆರು ಜನರನ್ನು ಒಬ್ಬೊಬ್ಬರನ್ನಾಗಿ ಕರೆದು ಕೇಳಿದೆ. ಕುರಿ ಕಾಯುವವಳು ಯಾರನ್ನೋ ಕರೆಯುತ್ತಿರಬೇಕು ಅಂದುಕೊಂಡೆವು ಎಂದರು. ಪ್ರತಿಧ್ವನಿಯೇ ಎಂದೂ ಯೋಚಿಸಿದ್ದುಂಟು. ಆದರೆ ಪ್ರತಿಧ್ವನಿ ಆದ ಕೂಗಿಗೆ ಬರುತ್ತದೆ, ಆಗಬೇಕಾದ ಕೂಗಿಗಲ್ಲ.

ಶಾರದಾ ಈಗ ಮತ್ತೆ ಪಾಠ ಮಾಡುತ್ತಿದ್ದಾಳೆ. ನಡೆಯುವಾಗ ಕಾಲು ಸ್ವಲ್ಪ ಎಳೆಯುತ್ತಾಳೆ. ಕೇಳಿಸಿದ್ದು ನಿನ್ನ ದನಿಯೇ ಇರಬೇಕು ಎಂದು ಒಮ್ಮೆ ಹೇಳಿ ನೋಡಿದೆ. ಅವಳು ಒಪ್ಪಲಿಲ್ಲ. "ನನ್ ದನಿ ನನಗ್ ಗೊತ್ತಾಗಲ್ವಾ ಮೇಡಂ? ಅದು ವಯಸ್ಸಾದೋರ ದನಿ," ಎಂದಳು.

ಆವತ್ತು ಕೂಗಿದವಳನ್ನೇ ನಾವು ಮೇಲೆ ಎತ್ತಿದೆವೋ ಇಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ.